ಮೊದಲು ಕೊಟ್ಟ ಮದ್ದು, ಆಮೇಲೆ ಕೊಟ್ಟ ಮದ್ದು

ಮೊನ್ನೆ ಮಗಳು ಯಾವುದೋ ವಿಡಿಯೋ ನೋಡಿಕೊಂಡು ಹಳೆಯ ಮೇಣದಬತ್ತಿಯ ತುಂಡುಗಳನ್ನೆಲ್ಲ ಪಾತ್ರೆಗೆ ಹಾಕಿ ಒಲೆಯ ಮೇಲೆ ಕರಗಿಸುತ್ತಿದ್ದಳು. ಬಣ್ಣ ಹಾಕಿ ಹೊಸ ಬತ್ತಿ ಮಾಡುತ್ತಾಳಂತೆ. ಆ ಬಿಸಿ ಮೇಣದ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಮ್ಮ ಡಾಕ್ಟರಮ್ಮ ನೆನಪಾದರು. ನೆನಪಾಗಿ ಕಣ್ಣು ತುಂಬಿ ಬಂತು ಎಂದುಕೊಳ್ಳಬೇಡಿ. ಸಿಟ್ಟು ಬಂತು. ಇಪ್ಪತ್ತು ವರ್ಷದ ಮೇಲಾಯಿತು, ಆ ಸಿಟ್ಟು ಇನ್ನೂ ಆರಿಲ್ಲ.

ಆಗ ಶಿರಸಿಯ ಬನವಾಸಿ ರಸ್ತೆಯಲ್ಲಿ ಕೋಳಿ ಆಹಾರ ಮಾರುವ ಕಂಪನಿಯೊಂದು ಸಣ್ಣ ಪ್ರಯೋಗಾಲಯ ನಡೆಸುತ್ತಿತ್ತು. ಈಗ ಕಂಪನಿಯೂ ಇಲ್ಲ, ಲ್ಯಾಬೂ ಇಲ್ಲ, ಅಲ್ಲೊಂದು ಟೈಲ್ಸ್ ಅಂಗಡಿ ಇದೆ. ನಾನು ಅಲ್ಲಿ ಟೆಕ್ನಿಶಿಯನ್. ಡಾಕ್ಟರಮ್ಮ ಯಲ್ಲಾಪುರದ ಕಡೆಯವರು, ಪಶುವೈದ್ಯೆ. ಸುತ್ತಲಿನ ಫಾರ್ಮುಗಳ ಕೋಳಿಗೆ ಉಸಿರಾಟದ ರೋಗವೊಂದು ಬರುತ್ತಿತ್ತು. ಕೋಳಿಯ ಗಂಟಲು ಗೊರಗೊರ ಅನ್ನುತ್ತಿತ್ತು, ಇಟ್ಟ ಮೊಟ್ಟೆಯ ಸಿಪ್ಪೆ ಸುಕ್ಕುಗಟ್ಟಿರುತ್ತಿತ್ತು. ಲಸಿಕೆ ಹಾಕಿಸಿದವರ ಫಾರ್ಮಿಗೂ ಒಮ್ಮೊಮ್ಮೆ ನುಗ್ಗುತ್ತಿತ್ತು. ಅದು ಕೊರೊನಾ ಜಾತಿಯ ವೈರಸ್ ಎಂದು ಡಾಕ್ಟರಮ್ಮ ಹೇಳುತ್ತಿದ್ದರು. ಆ ಹೆಸರು ಆಗ ಯಾರಿಗೂ ಬೇಕಿರಲಿಲ್ಲ.

ನಮ್ಮ ಕೆಲಸವೆಂದರೆ, ಒಳಗೆ ಮರಿ ಬೆಳೆಯುತ್ತಿರುವ ಮೊಟ್ಟೆಯನ್ನು ಬಲ್ಬಿನ ಬೆಳಕಿಗೆ ಹಿಡಿದು ನೋಡುವುದು, ಮರಿ ಜೀವಂತ ಇದೆ ಎಂದು ಖಾತ್ರಿಯಾದ ಮೇಲೆ ಸಿಪ್ಪೆಗೆ ಸಣ್ಣ ತೂತು ಮಾಡಿ ಸೂಜಿಯಲ್ಲಿ ವೈರಸ್ ಬಿಡುವುದು, ತೂತಿನ ಮೇಲೆ ಕರಗಿದ ಮೇಣ ಹಾಕಿ ಮುಚ್ಚುವುದು. ವೈರಸ್ ಹೊಕ್ಕ ಮೊಟ್ಟೆಯಲ್ಲಿ ಮರಿ ಬೆಳೆಯದೆ ಮುದುಡಿ ಸಣ್ಣಗಾಗುತ್ತಿತ್ತು, ಇಲ್ಲವೇ ಸಾಯುತ್ತಿತ್ತು. ಈ ವೈರಸ್ಸಿಗೆ ಹೊಸ ಔಷಧಿ ಹುಡುಕುವ ಶಕ್ತಿ ನಮಗೆಲ್ಲಿ? ಬೇರೆ ಬೇರೆ ರೋಗಕ್ಕೆ ಮನುಷ್ಯರೂ ದನಗಳೂ ನುಂಗುತ್ತಿರುವ ಹಳೆಯ ಮಾತ್ರೆಗಳಲ್ಲೇ ಯಾವುದಾದರೂ ಮರಿಯನ್ನು ಉಳಿಸೀತೇ ಎಂದು ಒಂದೊಂದಾಗಿ ನೋಡುವುದು ಡಾಕ್ಟರಮ್ಮನ ಯೋಚನೆಯಾಗಿತ್ತು.

ನಮ್ಮದು ಮೊಟ್ಟೆಯ ಹೆಸರೆತ್ತಿದರೆ ಮೂಗು ಮುರಿಯುವ ಮನೆ. ಸಂಜೆ ನಾನು ಬರುವುದನ್ನೇ ಕಾದು ಅತ್ತೆ ಬಾಗಿಲಲ್ಲಿ ನಿಂತಿರುತ್ತಿದ್ದರು. "ಕೂಸೇ, ಮಿಂದ್ಕಂಡೇ ಒಳಗೆ ಬಾ. ಆ ಕೈಯಲ್ಲಿ ಉಪ್ಪಿನಕಾಯಿ ಭರಣಿ ಮುಟ್ಟಡ." ಡಾಕ್ಟರಮ್ಮನ ಮನೆಯಲ್ಲೂ ಇದೇ ಪಾಡು. ಅವರಿಗೆ ನಗುವೇ ಹೆಚ್ಚು. ಸ್ನಾನ ಮಾಡಿ ಮಾಡಿ ನಮ್ಮಷ್ಟು ಮಡಿಯವರು ಊರಲ್ಲೇ ಇಲ್ಲ ಎನ್ನುತ್ತಿದ್ದರು. ಕರೆಂಟು ಹೋದರೆ ಮಾತ್ರ ಆ ನಗು ಮಾಯ. ಮೊಟ್ಟೆಗಳ ಪೆಟ್ಟಿಗೆ ತಣ್ಣಗಾಗಬಾರದಲ್ಲ... ಬಿಸಿನೀರಿನ ರಬ್ಬರ್ ಚೀಲಗಳನ್ನು ತುಂಬಿ ಸುತ್ತ ಇಡುತ್ತ, ಥರ್ಮಾಮೀಟರ್ ನೋಡುತ್ತ, ಊಟ ಬಿಟ್ಟು ಕೂತಿರುತ್ತಿದ್ದರು.

ಒಂದರ ಹಿಂದೊಂದು ಮಾತ್ರೆ ನಪಾಸಾಯಿತು. ಕೊನೆಗೊಂದು ಹಳೆಯ ಮಾತ್ರೆ ಮರಿಯನ್ನು ಉಳಿಸಿತು. ಅದರ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನಾಳೆಯೇ ಮೆಡಿಕಲ್ ಶಾಪಿನ ಮುಂದೆ ಸಾಲು ನಿಲ್ಲುವ ಜನ ನಾವು. ಅವತ್ತು ಮೊಟ್ಟೆ ಒಡೆದು ನೋಡಿದಾಗ ಒಳಗೆ ಸರಿಯಾಗಿ ಬೆಳೆದ ಮರಿ. ನಾನು ಕುಣಿಯುವುದೊಂದು ಬಾಕಿ. ಡಾಕ್ಟರಮ್ಮನಿಗೆ ಮಾತ್ರ ಅಷ್ಟು ಸಾಲಲಿಲ್ಲ. ವೈರಸ್ಸನ್ನೂ ಮದ್ದನ್ನೂ ಸೀಸೆಯಲ್ಲಿ ಮೊದಲೇ ಕೂಡಿಸಿ ನಾವು ಮೊಟ್ಟೆಗೆ ಹಾಕಿದ್ದೆವು. ಈಗ ಇನ್ನೊಂದು ತಟ್ಟೆ ಮೊಟ್ಟೆಗೆ ಮೊದಲು ವೈರಸ್ ಬಿಟ್ಟು, ಮರುದಿನ ಮದ್ದು ಕೊಡಿಸಿದರು. ಆ ಮರಿಗಳೆಲ್ಲ ಮುದುಡಿಕೊಂಡವು. ಮತ್ತೆ ಮಾಡಿದೆವು, ಮತ್ತೆ ಅದೇ. ನನ್ನ ಮುಖ ನೋಡಿ ಅವರು ಹೇಳಿದ ಮಾತು ನೆನಪಿದೆ. "ತಂಗೀ, ಮೊದಲೇ ಕೊಟ್ಟದ್ದು ಬೇರೆ, ಆಮೇಲೆ ಕೊಟ್ಟದ್ದು ಬೇರೆ. ರೈತ ಯಾವಾಗ ಕೊಡ್ತ ಹೇಳು? ಕೋಳಿಗೆ ಉಸಿರು ಕಟ್ಟಿದ ಮೇಲೇ ಅಲ್ದ? ಮೊದಲೇ ಕೊಡಲೆ ಅವಂಗೆ ಕನಸು ಬೀಳ್ತಾ?"

ಆ ಹೊತ್ತಿಗೇ ಚೀನಾದ ಕಡೆಯಿಂದ ಸಾರ್ಸ್ ಸುದ್ದಿ ಬಂತು. ಮನುಷ್ಯರ ಉಸಿರಿಗೇ ಕೈ ಹಾಕುವ ರೋಗ, ಅದೂ ಕೊರೊನಾ ಜಾತಿಯದು ಎಂದು ಪತ್ರಿಕೆಗಳು ಬರೆದವು. ಅಲ್ಲಿಯವರೆಗೆ ನಮ್ಮ ಲ್ಯಾಬಿನ ಕಡೆ ತಲೆ ಹಾಕಿಯೂ ಮಲಗದ ಕಂಪನಿಯ ಮಾಲೀಕರು ಮೂರು ಹೊತ್ತೂ ಕಾರು ತಂದು ನಿಲ್ಲಿಸತೊಡಗಿದರು. ಡಾಕ್ಟರಮ್ಮ ಎರಡೂ ಫಲಿತಾಂಶವನ್ನು ಎದುರಿಗಿಟ್ಟು ವಿವರಿಸಿದರು. ಕೋಳಿಯ ವೈರಸ್ಸೇ ಬೇರೆ, ಮನುಷ್ಯರದೇ ಬೇರೆ ಎಂದೂ ಹೇಳಿದರು. ಮಾಲೀಕರು ನಗುನಗುತ್ತಲೇ ಉತ್ತರ ಕೊಟ್ಟರು. "ಮೇಡಂ, ಗೆದ್ದದ್ದು ಹೇಳಿದ್ರೆ ಸಾಕು. ಸೋತದ್ದನ್ನ ಯಾರಾದ್ರೂ ಡಂಗುರ ಹೊಡೀತಾರಾ?"

ಶಿರಸಿಯಲ್ಲಿ ಕೋಳಿ ಸಾಕುವವರ ಸಭೆ ಕರೆದರು. ವೇದಿಕೆಯ ಮೇಲೆ ಮಾಲೀಕರಿದ್ದರು, ಹಾರ ಇತ್ತು, ಮೈಕ್ ಇತ್ತು. ಡಾಕ್ಟರಮ್ಮನಿಗೆ ಅಲ್ಲಿ ಕುರ್ಚಿ ಇರಲಿಲ್ಲ. ನಮ್ಮ ಲ್ಯಾಬಿನಲ್ಲಿ ವೈರಸ್ ಸತ್ತಿದೆ, ಮರಿ ಬದುಕಿದೆ ಎಂದು ಮಾಲೀಕರು ಗಂಟಲು ಹರಿಯುವ ಹಾಗೆ ಹೇಳಿದರು. ಆಮೇಲೆ ಕೊಟ್ಟ ಮದ್ದಿನ ಮಾತು ಅವರ ಬಾಯಿಂದ ಬರಲೇ ಇಲ್ಲ. 'ಸಾರ್ಸ್‌ಗೆ ಶಿರಸಿಯಲ್ಲಿ ಮದ್ದು' ಎಂದು ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬಂತು. ವಾರ ಕಳೆಯುವುದರೊಳಗೆ ಆ ಮಾತ್ರೆಯನ್ನೇ ಪುಡಿ ಮಾಡಿ, ಪೊಟ್ಟಣ ಕಟ್ಟಿ, ಕೋಳಿ ಕುಡಿಯುವ ನೀರಿಗೆ ಹಾಕಲು ಮಾರಾಟಕ್ಕೆ ಬಿಟ್ಟರು. ಬರೆಯುವಾಗಲೂ ನನ್ನ ಮೈ ಉರಿಯುತ್ತಿದೆ. ಪೂರಾ ಸುಳ್ಳಾಗಿದ್ದರೆ ಯಾರಾದರೂ ಹಿಡಿದು ಕೇಳುತ್ತಿದ್ದರೋ ಏನೋ. ಇದು ಅರ್ಧ ನಿಜ. ಅವರ ಪ್ರತಿ ಮಾತಿಗೂ ನಮ್ಮ ಮೊಟ್ಟೆಗಳೇ ಸಾಕ್ಷಿ ಹೇಳುತ್ತಿದ್ದವು.

ದಾಸನಕೊಪ್ಪದ ಒಬ್ಬರ ಫಾರ್ಮಿನಿಂದ ಮೊದಲ ಸುದ್ದಿ ಬಂತು. ಕೋಳಿಗಳು ಗೊರಗುಟ್ಟಲು ಶುರುವಾದ ಮೇಲೆ ಅವರು ಪುಡಿ ಹಾಕಿದ್ದರು. ನೀರು ಕಹಿಯಾಗಿ, ಕಾಯಿಲೆಯ ಕೋಳಿಗಳು ಇದ್ದ ನೀರನ್ನೂ ಕುಡಿಯದೆ ಬಿಟ್ಟವು. ಮಾಲೀಕರು ನಮ್ಮಿಬ್ಬರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೋದರು, ಡಾಕ್ಟರು ಬಂದು ಸಮಾಧಾನ ಹೇಳಿದರೆ ರೈತರು ತಣ್ಣಗಾಗುತ್ತಾರೆ ಎಂಬ ಲೆಕ್ಕ. ಅಕ್ಕಪಕ್ಕದ ಫಾರ್ಮಿನವರೂ ಸೇರಿದ್ದರು. ಆ ರೈತರು ಮರ್ಯಾದೆ ಬಿಟ್ಟು ಮಾತಾಡಲಿಲ್ಲ. ಅದೇ ನಮಗೆ ಕಷ್ಟವಾಯಿತು. "ಬರ್ರಿ ಮೇಡಮ್ಮಾರ, ಒಳಗ ಬಂದು ನೋಡ್ರಿ. ನಿಮ್ಮ ಲ್ಯಾಬಿನ ಮದ್ದು ಅಂತ ಪೇಪರ್‌ನ್ಯಾಗ ಬಂದಿತ್ತಲ್ರೀ, ನಂಬಿ ಹಾಕಿದ್ವಿ."

ಶೆಡ್ಡಿನ ಮೂಲೆಯಲ್ಲಿ ಸತ್ತ ಕೋಳಿಗಳ ರಾಶಿ ಇತ್ತು. ಮಾಲೀಕರು, ಡೋಸು ಕಡಿಮೆಯಾಗಿರಬೇಕು, ಹೌದಲ್ಲ ಮೇಡಂ ಎಂದು ಎಳೆ ಕೊಟ್ಟರು. ಡಾಕ್ಟರಮ್ಮ ಆ ಎಳೆ ಹಿಡಿಯಲಿಲ್ಲ. ಎಲ್ಲರಿಗೂ ಕೇಳುವ ಹಾಗೆ, ನಿಧಾನವಾಗಿ ಹೇಳಿದರು. "ಡೋಸಿನ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ರೋಗ ಬಂದ ಮೇಲೆ ಕೊಟ್ಟರೆ ಈ ಮದ್ದು ನಡೆಯುವುದಿಲ್ಲ. ನಾವೇ ಮಾಡಿ ನೋಡಿದ್ದೇವೆ, ಮರಿ ಉಳಿದಿಲ್ಲ. ನಿಮಗೆ ಅದನ್ನು ಹೇಳಲಿಲ್ಲ, ಅಷ್ಟೆ. ಇನ್ನು ಯಾರೂ ಕೊಡಬೇಡಿ."

ಬರುವಾಗ ಜೀಪಿನಲ್ಲಿ ಕೂತಾಗ, ಅಷ್ಟು ದೂರದ ರಸ್ತೆ ಅದು ಎಂದು ನನಗೆ ಅವತ್ತೇ ಗೊತ್ತಾದದ್ದು. ಮರುದಿನ ಲ್ಯಾಬಿನ ಬಾಗಿಲಿಗೆ ಹೊಸ ಬೀಗ. ಡಾಕ್ಟರಮ್ಮ ತಮ್ಮ ಬಿಳಿ ಕೋಟು ಕೊಡಿ ಎಂದು ಕೇಳಿದರೆ ಅದನ್ನೂ ಕೊಡಲಿಲ್ಲ, ಕಂಪನಿಯದಂತೆ. ಪೆಟ್ಟಿಗೆಯಲ್ಲಿದ್ದ ಮೊಟ್ಟೆಗಳನ್ನು ಆಳುಗಳು ಗುಂಡಿಗೆ ಸುರಿದರು. ಕೆಲಸ ಬಿಟ್ಟ ಹೆಂಗಸರಿಗೆ ಊರು ಏನೇನು ಕಾರಣ ಕಟ್ಟುತ್ತದೆ ಎಂದು ಹೇಳಬೇಕಾಗಿಲ್ಲ. ಡಾಕ್ಟರಮ್ಮ ತಾವೇ ಲೆಕ್ಕ ತಪ್ಪಿ ಕೋಳಿ ಸಾಯಿಸಿದರಂತೆ ಎಂದು ಹಬ್ಬಿಸಿದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಒಬ್ಬರಾದರೂ ತುಟಿ ಪಿಟ್ಟೆನ್ನಲಿಲ್ಲ.

ಅವರು ಯಲ್ಲಾಪುರಕ್ಕೆ ಹೋಗಿ ದನ ಎಮ್ಮೆಗಳಿಗೆ ಔಷಧಿ ಕೊಡುತ್ತ ಉಳಿದರು. ಇನ್ನೊಂದು ಲ್ಯಾಬು ಅವರಿಗೆ ಸಿಗಲೇ ಇಲ್ಲ. ನಾನು ಹೋದಾಗಲೆಲ್ಲ ಚಹಾ ಮಾಡುತ್ತ, ಪಟ್ಟಿಯಲ್ಲಿ ಇನ್ನೂ ನೋಡದೆ ಬಿಟ್ಟ ಮಾತ್ರೆಗಳಿದ್ದವು ಎಂದು ಶುರು ಮಾಡಿ, ಅಲ್ಲಿಗೇ ನಿಲ್ಲಿಸುತ್ತಿದ್ದರು... ಕೊರೊನಾ ನಮ್ಮೂರಿಗೇ ಬಂದ ವರ್ಷ ಯಾವುದೋ ಮಾತ್ರೆ ಲ್ಯಾಬಿನಲ್ಲಿ ವೈರಸ್ ಕೊಂದಿದೆ ಎಂದು ಟಿವಿಯಲ್ಲಿ ಕೂಗುತ್ತಿದ್ದರು. ನಾನು ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಒಂದೇ ಪ್ರಶ್ನೆ. "ಮೊದಲು ಕೊಟ್ಟಾಗ್ಲೋ, ಆಮೇಲೆ ಕೊಟ್ಟಾಗ್ಲೋ?"

ಹೋದ ತಿಂಗಳು ಅವರು ತೀರಿಕೊಂಡರು. ಯಲ್ಲಾಪುರದಲ್ಲಿ ಶ್ರದ್ಧಾಂಜಲಿ ಸಭೆ ಇತ್ತು. ಆ ಹಳೆಯ ಮಾಲೀಕರೂ ಬಂದಿದ್ದರು, ಕೂದಲು ಬೆಳ್ಳಗಾಗಿದೆ, ಗಂಟಲು ಹಾಗೆಯೇ ಇದೆ. ಸಾರ್ಸ್ ಕಾಲದಲ್ಲೇ ನಮ್ಮ ಶಿರಸಿಯಲ್ಲಿ ಕೊರೊನಾಕ್ಕೆ ಮದ್ದು ಕಂಡುಹಿಡಿದ ಮಹಾತಾಯಿ, ಅವರಿಗೆ ಅವಕಾಶ ಕೊಟ್ಟ ಭಾಗ್ಯ ನನ್ನದು ಎಂದು ಮಾತಾಡಿದರು. ಜನ ಚಪ್ಪಾಳೆ ತಟ್ಟಿದರು.

ನಾನು ಎದ್ದು ನಿಂತೆ. ಅವರು ಮದ್ದು ಕಂಡುಹಿಡಿಯಲಿಲ್ಲ, ಆ ಮದ್ದು ನಡೆಯುವುದಿಲ್ಲ ಎಂದು ಕಂಡುಹಿಡಿದರು, ಅದನ್ನು ರೈತರ ಎದುರು ಹೇಳಿದ್ದಕ್ಕೆ ನೀವು ಅವರನ್ನು ಹೊರಗೆ ಹಾಕಿದಿರಿ ಎಂದೆ. ಸಭೆ ನಡೆಸುತ್ತಿದ್ದವರು ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಅಕ್ಕಾ, ಕೂತ್ಕಳಿ. ಸತ್ತವರ ಬಗ್ಗೆ ಒಳ್ಳೇದೇ ಮಾತಾಡವು." ನಾನು ಆಡಿದ್ದು ಒಳ್ಳೆಯದೇ. ಅವರ ಬಗ್ಗೆ ಅದಕ್ಕಿಂತ ಒಳ್ಳೆಯ ಮಾತು ನನಗೆ ಗೊತ್ತಿಲ್ಲ.

ಮರುದಿನದ ಪತ್ರಿಕೆಯಲ್ಲಿ ಮಾಲೀಕರ ಮಾತು ಅಷ್ಟೂ ಬಂತು, ನನ್ನದು ಒಂದು ಅಕ್ಷರವೂ ಇಲ್ಲ. ಬದುಕಿದ್ದಾಗ ಅವರ ಕೆಲಸದ ಅರ್ಧ ಹೇಳಿ ದುಡ್ಡು ಮಾಡಿದರು, ಸತ್ತ ಮೇಲೆ ಅವರನ್ನೇ ಅರ್ಧ ಹೇಳಿ ಹೆಸರು ಮಾಡಿಕೊಂಡರು. ಪತ್ರಿಕೆ ಓದಿ ಮುಗಿಸಿ, ಡಾಕ್ಟರಮ್ಮನಿಗೆ ಹೇಳಿ ಇಬ್ಬರೂ ಸೇರಿ ಬಾಯಿತುಂಬ ಬೈಯೋಣ ಎಂದು ಫೋನಿನಲ್ಲಿ ಅವರ ನಂಬರು ಹುಡುಕಿದೆ. ಒತ್ತಬೇಕು ಎನ್ನುವಾಗ ನೆನಪಾಯಿತು, ಆ ಕಡೆ ಎತ್ತುವವರಿಲ್ಲ.