ಇಲ್ಲದ ಓಣಿ

ಹ್ಯೂಆನ್ ಕಣಿವೆಯ ನಡಿಗೆ ಸಂಘಕ್ಕೆ ಕಂಪ್ಯೂಟರಿನಲ್ಲಿ ನಕ್ಷೆ ಬರೆದುಕೊಡುವ ಕ್ಲೈವ್ ಟ್ರಾಂಟರ್‌ಗೆ ಚಿತ್ರ ತಿದ್ದುವ ಅಗ್ಗದ ಸಾಫ್ಟ್‌ವೇರ್ ಎಂದರೆ ಪ್ರಾಣ. ಒಂದನ್ನು ಇಳಿಸಿಕೊಳ್ಳುತ್ತಾನೆ, ಬಿಟ್ಟಿ ಅವಧಿ ಮುಗಿಯುವವರೆಗೆ ಹೊಗಳುತ್ತಾನೆ, ಆಮೇಲೆ ಬಾಯಿತುಂಬ ಬೈದು ಇನ್ನೊಂದಕ್ಕೆ ಹಾರುತ್ತಾನೆ. ನಕ್ಷೆಯನ್ನು ಒಂದರ ಮೇಲೊಂದು ಕೂರುವ ಪದರಗಳಲ್ಲಿ ಬರೆಯುತ್ತಾನೆ: ಬೆಟ್ಟಕ್ಕೊಂದು ಪದರ, ಹೊಳೆಗೊಂದು ಪದರ, ಸೇಬಿನ ತೋಟಗಳಿಗೆ ಮತ್ತೊಂದು. ಪದರ ತಪ್ಪಿ ಒಮ್ಮೆ ಇಡೀ ಊರಿಗೇ ಸಮುದ್ರದ ನೀಲಿ ಬಳಿದಿದ್ದ. "ನಾವು ನಡೀಬೇಕಾ, ಈಜಬೇಕಾ ಮಾರಾಯಾ?" ಎಂದು ಸಂಘದ ಮೌರೀನ್ ಕೇಳಿದರೆ, "ಕೊಡೋ ಕಾಸಿಗೆ ಇಷ್ಟೇ ಕಣಮ್ಮಾ ಬರೋದು!" ಎಂದು ಗದರಿದ್ದ. ನಕ್ಷೆಗಾರರ ಹಳೆಯ ಉಪಾಯವೊಂದನ್ನು ಮಾತ್ರ ಅವನು ಎಂದೂ ಬಿಟ್ಟವನಲ್ಲ: ನಕ್ಷೆ ಕದ್ದು ಅಚ್ಚು ಹಾಕಿಸುವವರು ಸಿಕ್ಕಿಬೀಳಲೆಂದು ಊರಿನಲ್ಲಿ ಇಲ್ಲದ ಓಣಿಯೊಂದನ್ನು ಗೀಚಿಡುವುದು. ಸಾಫ್ಟ್‌ವೇರ್ ಎಷ್ಟು ಬದಲಾದರೂ ಆ ಓಣಿಯ ಜಾಗ ಬದಲಾಗುವುದಿಲ್ಲ. ಅದು ಕ್ಲೈವನ ಗೇಟಿನಿಂದ ಹೊರಟು, ತೊರೆ ದಾಟಿ, ಅಪ್ಪನ ತೋಟ ಪಾಲಾದಂದಿನಿಂದ ಮಾತು ಬಿಟ್ಟಿರುವ ತಮ್ಮ ಲಿಂಡ್ಸೆಯ ಬಾಗಿಲಿಗೇ ಹೋಗುತ್ತದೆ. ಈ ಸಲದ ನಕ್ಷೆ ಹಂಚಿದ ಮಾರನೆಯ ದಿನ ಮೌರೀನ್ ಫೋನ್ ಮಾಡಿದಳು: "ಕ್ಲೈವ್, ನಿನ್ನ ಇಲ್ಲದ ಓಣಿ ಇದೆಯಲ್ಲ, ಅಲ್ಲಿ ಲಿಂಡ್ಸೆ ತನ್ನ ಬಾಗಿಲಿಂದ ಹುಲ್ಲು ಕತ್ತರಿಸಿ ದಾರಿ ಮಾಡ್ತಾ ಇದ್ದಾನೆ. ತೊರೆ ತನಕ ಬಂದು ನಿಂತಿದ್ದಾನೆ ಕಣಪ್ಪಾ."