ಹೊಗಳಬಾರದ ಹುಡುಗ

ಶಿಡ್ಲಘಟ್ಟದ ಹೈಸ್ಕೂಲಿಗೆ ಮೇಷ್ಟರಾಗಿ ಹೋದ ಹೊಸತರಲ್ಲಿ, ಬೆತ್ತಕ್ಕಿಂತ ಒಂದು ಒಳ್ಳೇ ಮಾತು ಮಕ್ಕಳನ್ನು ಬೇಗ ತಿದ್ದುತ್ತದೆ ಎಂದು ನಂಬಿದ್ದೆ. ಕಂಡವರ ಮೇಲೆಲ್ಲ ಜಗಳಕ್ಕೆ ಬೀಳುತ್ತಿದ್ದ ಮುನಿರಾಜು ಒಂದು ದಿನ ಲೆಕ್ಕ ಸರಿಯಾಗಿ ಬಿಡಿಸಿದಾಗ ಇಡೀ ತರಗತಿಯೆದುರು "ಭೇಷ್" ಎಂದೆ. ಜಗಳ ನಿಂತಿತು. ನಾನೂ ಬೀಗಿ, ದಿನಾ ಹೊಗಳತೊಡಗಿದೆ.

ಸ್ವಲ್ಪ ದಿನಕ್ಕೆ ಅವನ ತಾಯಿ ಬಂದರು. ಕೈಗೆಲ್ಲ ಹಿಪ್ಪುನೇರಳೆ ಸೊಪ್ಪಿನ ಕಲೆ.

"ಬೇಕಾದ್ರೆ ಹೊಡೀರಿ ಸ್ವಾಮಿ, ಹೊಗಳಬೇಡಿ."

"ಯಾಕಮ್ಮ?"

"ನಾವು ರೇಷ್ಮೆ ಹುಳ ಸಾಕೋರು. ಹುಳ ಚೆನ್ನಾಗೈತೆ ಅಂತ ಬಾಯಿ ಬಿಟ್ಟು ಅನ್ನಲ್ಲ, ದೃಷ್ಟಿಯಾಗ್ತದೆ. ಇವನ ಅಣ್ಣನ್ನ ಊರೆಲ್ಲ ಹೊಗಳ್ತು. ಆ ಬೇಸಿಗೇಲೇ ಮಣ್ಣು ಮಾಡಿದ್ವಿ. ಈಗ ಇರೋನು ಇವನೊಬ್ಬನೇ."

ಬುದ್ಧಿ ಹೇಳಲು ಬಾಯಿ ತೆರೆದವನು ಆಕೆಯ ಮುಖ ನೋಡಿ, "ಆಗಲಮ್ಮ" ಎಂದೆ. ಮರುದಿನ ಲೆಕ್ಕ ಬಿಡಿಸಿ ನಿಂತವನಿಗೆ, "ದಂಡಪಿಂಡ, ಕೂತ್ಕೊಳ್ಳೋ" ಎಂದೆ. ಅವನ ಮುಖ ಅರಳಿತು. ಆಮೇಲೆ ಅದೇ ರೂಢಿಯಾಯಿತು.

ತಪಾಸಣೆಗೆ ಬಂದ ಇನ್ಸ್‌ಪೆಕ್ಟರು ಇದನ್ನು ಕೇಳಿಸಿಕೊಂಡು ನನ್ನನ್ನು ಹೊರಗೆ ಕರೆದರು.

"ಸರಿಯಾಗಿ ಲೆಕ್ಕ ಮಾಡಿದ ಹುಡುಗನ್ನ ಬೈತೀರಲ್ರೀ! ಒಂದು ಒಳ್ಳೇ ಮಾತಾಡಿದ್ರೆ ನಿಮ್ಮ ಗಂಟೇನು ಹೋಗ್ತದೆ?"

"ನನ್ನ ಗಂಟೇನೂ ಹೋಗಲ್ಲ ಸಾರ್" ಎಂದೆ.