ಕಟ್ಟಕಡೆಗೆ ನಡೆದ ಅಧ್ಯಕ್ಷ

ಕೂಲಿಕಾರರ ಸಂಘಕ್ಕೆ ಅಧ್ಯಕ್ಷನಾದ ಮೇಲೆ ಮುನಿಯಲ್ಲಪ್ಪ ಒಂದು ದಿನವೂ ಕುರ್ಚಿಯಲ್ಲಿ ಕೂತವನಲ್ಲ. ಹರೆಯದಲ್ಲಿ ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ಮಣ್ಣು ತುಳಿದಿದ್ದ. ಅಲ್ಲಿ ಮೇಸ್ತ್ರಿ ಛತ್ರಿ ಕೆಳಗೆ ಕೂತು ಬಾಯಿ ಮಾಡುವುದನ್ನು ನೋಡಿ ನೋಡಿ, ಕೂತು ಆಳುವವರನ್ನು ಕಂಡರೇ ಅವನಿಗೆ ಆಗುತ್ತಿರಲಿಲ್ಲ. ಎಪ್ಪತ್ತೆಂಟನೇ ಇಸವಿಯಲ್ಲಿ ಯಲ್ದೂರಿನ ಮಗ್ಗುಲ ತನ್ನ ಹಳ್ಳಿಯಲ್ಲಿ ಸಂಘ ಕಟ್ಟಿದಾಗ, ಸಭೆಗೆ ಜಮಖಾನೆ ಹಾಸುವುದು, ಕಸ ಗುಡಿಸುವುದು, ಎಲ್ಲರೂ ಉಂಡ ಮೇಲೆ ಉಣ್ಣುವುದು, ಮೆರವಣಿಗೆಯಲ್ಲಿ ಕಟ್ಟಕಡೆಗೆ ನಡೆಯುವುದು, ಇದೆಲ್ಲ ಅಧ್ಯಕ್ಷನ ಕೆಲಸ ಎಂದು ತಾನೇ ಹೇಳಿ ತಾನೇ ಮಾಡಿದ.

ಮೊದಮೊದಲು ಜನ ನಾಚಿದರು. ಆಮೇಲೆ ರೂಢಿಯಾಯಿತು. ಹೊರಗಿನವರು ಬಂದು "ಅಧ್ಯಕ್ಷರು ಎಲ್ಲಪ್ಪಾ?" ಎಂದರೆ ಕಾರ್ಯದರ್ಶಿ ಕದಿರೇಶ, "ಪೊರಕೆ ಎಲ್ಲಿದೆ ನೋಡಿ, ಅದರ ಹಿಂದೆ ಇರ್ತಾರೆ" ಅನ್ನುತ್ತಿದ್ದ. ಆರು ವರ್ಷ ಕಳೆಯುವಷ್ಟರಲ್ಲಿ ಮುನಿಯಲ್ಲಪ್ಪನ ಸೊಂಟ ಹೋಗಿತ್ತು. ಜಮಖಾನೆಯ ಇನ್ನೊಂದು ತುದಿ ಹಿಡಿಯಲು ಯಾರೂ ಬಂದಿರಲಿಲ್ಲ.

ಎಂಬತ್ನಾಲ್ಕರ ಚಳಿಗಾಲದಲ್ಲಿ ಸರ್ಕಾರದವರು ಊರಿನ ಗೋಮಾಳಕ್ಕೆ ಗೆರೆ ಹಾಕಿದರು. ನೀಲಗಿರಿ ನೆಡುತ್ತಾರಂತೆ. ಭೂಮಿಯಿಲ್ಲದ ಮನೆಗಳವರು ಅಲ್ಲಿ ಬಹಳ ಕಾಲದಿಂದ ರಾಗಿ, ಹುರುಳಿ ಬೆಳೆದುಕೊಂಡಿದ್ದರು. ಅರ್ಧ ಜಮೀನು ಕೆರೆ ಕಡೆಗೆ, ಇನ್ನರ್ಧ ಗುಡ್ಡದ ಕಡೆಗೆ. ಗುಡ್ಡದ ಕಡೆ ಅಂಜಮ್ಮನದೊಂದು ತುಂಡು. ಗಂಡ ತೀರಿಕೊಂಡ ಒಂಟಿ ಹೆಂಗಸು, ಅದು ಹೋದರೆ ಅವಳಿಗೆ ಇನ್ನೇನೂ ಇರಲಿಲ್ಲ. ಒಂದಿಂಚೂ ಬಿಡುವುದಿಲ್ಲವೆಂದು ಸಂಘ ತೀರ್ಮಾನಿಸಿ ಕೋಲಾರಕ್ಕೆ ಜಾಥಾ ಹೊರಟಿತು.

ಅರ್ಧ ದಾರಿಗೇ ಅಂಜಮ್ಮನ ಚಪ್ಪಲಿಯ ಉಂಗುಟ ಕಿತ್ತು, ಒಡೆದ ಹಿಮ್ಮಡಿಯಲ್ಲಿ ರಕ್ತ ಬಂತು. ಹಿಂದೆ ಬರುತ್ತಿದ್ದ ಮುನಿಯಲ್ಲಪ್ಪ ಟವೆಲ್ ಹರಿದು ಕಟ್ಟಿದ. ಅಷ್ಟರಲ್ಲಿ ಮುಂದಿನವರ ಘೋಷಣೆ ಕೇಳಿಸದಷ್ಟು ದೂರವಾಗಿತ್ತು.

"ನೀನು ಮುಂದಕ್ಕೆ ಹೋಗ್ಲಾ. ನಾನೇನು ದಾರಿ ತಪ್ಪಲ್ಲ," ಎಂದಳು ಅಂಜಮ್ಮ.

"ಇರ್ಲಿ ನಡಿ ಅಂಜಕ್ಕ. ಅಧ್ಯಕ್ಷ ಹಿಂದೇನೇ ಇರ್ಬೇಕು."

"ಯಾರು ಹೇಳಿದ್ದು?"

"ನಾನೇ."

"ಸರಿಹೋಯ್ತು," ಎಂದು ಅವಳು ಗೊಣಗಿದಳು.

ಇಬ್ಬರೂ ಕೋಲಾರದ ಡಿ.ಸಿ. ಕಚೇರಿ ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ಜನ ಮರದ ಕೆಳಗೆ ಬುತ್ತಿ ಬಿಚ್ಚಿದ್ದರು. ಕದಿರೇಶ ನಗುತ್ತಾ ಎದುರು ಬಂದ.

"ಆಯ್ತು ಕಣಣ್ಣ. ಸಾಹೇಬ್ರು ಐದು ಜನಾನ ಒಳಗೆ ಕರೆದ್ರು. ಕೆರೆ ಕಡೇದು ಬಿಟ್ಬಿಡ್ತಾರಂತೆ. ಗುಡ್ಡದ ಕಡೆ ಮಾತ್ರ ನೆಡ್ತಾರೆ. ಸೋಮವಾರ ಆರ್ಡರ್ ಆಗುತ್ತೆ."

"ನೀವೇನಂದ್ರಿ?"

"ಅವರು ಊಟಕ್ಕೆ ಎದ್ದಿದ್ರು. ಹೂಂ ಅಂದ್ವಿ. ನೀನಿದ್ದಿದ್ರೆ ಏನಾದ್ರೂ ಅಂತಿದ್ದೆಯೇನೋ. ಎಲ್ಲಿದ್ದೆ ನೀನು?"

ಒಳಗೆ ಹೋದ ಐವರ ತುಂಡುಗಳೂ ಕೆರೆ ಕಡೆಯವು. ಅವರು ಕೆಟ್ಟವರಲ್ಲ. ತಮ್ಮದು ಉಳಿಯಿತು ಎಂಬ ನಿರಾಳದಲ್ಲಿ ಉಳಿದವರನ್ನು ಮರೆತಿದ್ದರು, ಅಷ್ಟೇ. ಮುನಿಯಲ್ಲಪ್ಪನಿಗೆ ಸಿಟ್ಟು ಬರಬೇಕಿತ್ತು, ಸುಸ್ತು ಬಂತು. ಬಿಂದಿಗೆ ಹುಡುಕಿಕೊಂಡು, ಉಣ್ಣುವವರಿಗೆ ನೀರು ತರಲು ನಲ್ಲಿಗೆ ಹೋದ. ಅಂಜಮ್ಮ ನೋಡುತ್ತಿದ್ದಳು.

ಭಾನುವಾರ ಅವಳ ತುಂಡಿಗೆ ಹೋದ. ಅವಳು ಹಸಿ ಹುರುಳಿಯನ್ನೇ ಕಿತ್ತು ಗುಡ್ಡೆ ಹಾಕುತ್ತಿದ್ದಳು, ನೀಲಗಿರಿಗೆ ಗುಂಡಿ ತೋಡುವವರು ತುಳಿಯುವ ಬದಲು ದನಕ್ಕಾದರೂ ಆಗಲಿ ಎಂದು. ಮುನಿಯಲ್ಲಪ್ಪ ಪಕ್ಕದಲ್ಲಿ ಬಗ್ಗಿ ತಾನೂ ಕೀಳತೊಡಗಿದ.

"ಬಿಡು," ಎಂದಳು ಅಂಜಮ್ಮ.

"ಒಬ್ಬಳೇ ಎಷ್ಟು ಕೀಳ್ತೀಯಾ?"

"ಕೀಳೋಕೆ ನಂಗೂ ಕೈ ಇದೆ. ಕಾಲಿಗೆ ಬಟ್ಟೆ ಕಟ್ಲಿ ಅಂತ ನಿನ್ನ ಅಧ್ಯಕ್ಷನ್ನ ಮಾಡಿದ್ವಾ? ಸಾಹೇಬನ ಮುಂದೆ ನಿಂತು ಆಗಲ್ಲ ಅನ್ನೋಕೆ ಮಾಡಿದ್ದು. ನಂಗೆ ಅವನು ಬಾಗ್ಲು ತೆಗೆಯಲ್ಲ. ನಿಂಗೆ ತೆಗೀತಾನೆ."

"ಈಗ ಆಗಲ್ಲ ಅಂದ್ರೆ ಕೆರೆ ಕಡೇದೂ ಹೋದ್ರೂ ಹೋಯ್ತು ಅಂಜಕ್ಕ. ಕದಿರೇಶನೋರು ನನ್ನ ಸುಮ್ನೆ ಬಿಡ್ತಾರಾ?"

"ಬೈತಾರೆ. ಬೈಸ್ಕೊ. ಕಸ ಗುಡಿಸೋನ್ನ ಯಾರೂ ಬೈಯಲ್ಲ ನೋಡು, ಅದಕ್ಕೇ ನಿಂಗೆ ಅದು ಇಷ್ಟ."

ಮುನಿಯಲ್ಲಪ್ಪ ಬಗ್ಗಿದ್ದವನು ನಿಧಾನವಾಗಿ ಸೊಂಟ ಹಿಡಿದು ಎದ್ದ. ಅವಳ ಮಾತು ಸುಳ್ಳೆನ್ನಲು ಆಗಲಿಲ್ಲ. ಹಿಂದೆ ನಡೆದು ಕಾಲು ನೋಯಿಸಿಕೊಂಡಿದ್ದು ನಿಜ. ಸಾಹೇಬನ ಮುಖವನ್ನೂ ತನ್ನವರ ಮುನಿಸನ್ನೂ ನೋಡದೆ ತಪ್ಪಿಸಿಕೊಂಡಿದ್ದೂ ನಿಜ.

ಅಲ್ಲಿಂದ ನೇರ ಕದಿರೇಶನ ಮನೆಗೆ ಹೋದ. "ನಾಳೆ ಮೊದಲ್ನೇ ಬಸ್ಸಿಗೆ ಕೋಲಾರಕ್ಕೆ ಹೋಗ್ತೀನಿ. ನೀವು ಹೂಂ ಅಂದಿದ್ದನ್ನ ಸಂಘ ಒಪ್ಪಿಲ್ಲ ಅಂತ ಹೇಳ್ತೀನಿ," ಎಂದ. ಕದಿರೇಶ ಅಂಗಳದಲ್ಲೇ ಬೈಯತೊಡಗಿದ. ಅಕ್ಕಪಕ್ಕದವರು ಬಂದು ನಿಂತರು. ಮುನಿಯಲ್ಲಪ್ಪ ಅಲ್ಲಾಡದೆ ಪೂರ್ತಿ ಕೇಳಿಸಿಕೊಂಡ.

ಅವನು ಸಾಹೇಬನ ಮುಂದೆ ನಿಂತು ಆಗಲ್ಲ ಎಂದ ಮೇಲೆ ಸೋಮವಾರದ ಆರ್ಡರ್ ನಿಂತಿತು. ಆಮೇಲೆ ಬೇಸಿಗೆಯವರೆಗೂ ಕೋಲಾರಕ್ಕೆ ಅಲೆದಾಟ. ಕೊನೆಗೆ ಎರಡೂ ಕಡೆಯವರು ಅಂಚಿನಲ್ಲಿ ಒಂದೊಂದು ಪಟ್ಟಿ ನೀಲಗಿರಿಗೆ ಬಿಡಬೇಕೆಂದಾಯಿತು. ಯಾರ ತುಂಡೂ ಪೂರ್ತಿ ಹೋಗಲಿಲ್ಲ. ಪೂರ್ತಿ ಉಳಿದಿದ್ದನ್ನು ಇವನು ಕಳೆದ ಎಂದು ಕೆರೆ ಕಡೆಯವರು ಮಾತು ಬಿಟ್ಟರು. ಮುಂಗಾರಿನ ಹೊತ್ತಿಗೆ ಸಭೆ ಸೇರಿ ಕದಿರೇಶನನ್ನು ಅಧ್ಯಕ್ಷನನ್ನಾಗಿ ಮಾಡಿದರು. ಅಂಜಮ್ಮ ಆ ಸಭೆಗೆ ಬರಲಿಲ್ಲ. ಹಿಂದಿನ ದಿನ ಮಳೆ ಬಿದ್ದಿತ್ತು, ತನ್ನ ತುಂಡಿಗೆ ಬಿತ್ತನೆಗೆ ಹೋಗಿದ್ದಳು.